ಉಡಿಯಕ್ಕಿ ಆಯುವ ಕೈಗಳು: ಮದುವೆಯ ಫೋಟೋ ತೆಗೆಯುತ್ತ ನಾನು ಕಲಿತದ್ದು

ಬಾಗಲಕೋಟೆಯ ಸುತ್ತಮುತ್ತಲಿನ ಊರುಗಳಲ್ಲಿ ಮದುವೆಯ ಫೋಟೋ ತೆಗೆಯುವ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ ನಾನು ಮಾಡಿದ ಒಂದು ತಪ್ಪು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಮುಧೋಳ ಕಡೆಯ ಹಳ್ಳಿಯೊಂದರಲ್ಲಿ ಹೆಣ್ಣು ಒಪ್ಪಿಸಿಕೊಡುವ ಹೊತ್ತಾಗಿತ್ತು. ತಂದೆ ಮಗಳ ಕೈಯನ್ನು ಬೀಗತಿಯ ಕೈಯಲ್ಲಿಟ್ಟು, ಮಾತು ಹೊರಡದೆ ನಿಂತಿದ್ದರು. ಆ ಕ್ಷಣಕ್ಕೆ ಸರಿಯಾಗಿ ನನ್ನ ಫ್ಲ್ಯಾಶ್ ಹೊತ್ತಿಕೊಳ್ಳಲಿಲ್ಲ. ಚಿತ್ರ ಕಪ್ಪಾಗಿ ಬಂದದ್ದನ್ನು ನೋಡಿ ಗಾಬರಿಯಾಗಿ, "ಕಾಕಾರ, ಇನ್ನೊಮ್ಮೆ ಹಂಗ ಕೈ ಹಿಡೀರಿ, ಈ ಕಡೆ ನೋಡ್ರಿ" ಎಂದುಬಿಟ್ಟೆ. ಅವರು ಹೆಗಲ ಮೇಲಿನ ಟಾವೆಲಿನಿಂದ ಕಣ್ಣು ಒರೆಸಿಕೊಂಡು, ನಾನು ಹೇಳಿದಂತೆ ಕೈ ಹಿಡಿದು, ಕ್ಯಾಮೆರಾದತ್ತ ನೋಡಿದರು. ಎರಡನೆಯ ಚಿತ್ರದಲ್ಲಿ ಬೆಳಕೂ ಫೋಕಸ್ಸೂ ಸರಿಯಾಗಿದ್ದವು, ಆದರೆ ಅದರಲ್ಲಿದ್ದ ಮುಖ ನನ್ನ ಅಪ್ಪಣೆಯನ್ನು ಪಾಲಿಸುತ್ತಿದ್ದ ಮುಖ. ಮಗಳನ್ನು ಕಳಿಸಿಕೊಡುವ ತಂದೆಯ ದುಃಖವನ್ನು ನಾನು ನಡುವೆ ನಿಲ್ಲಿಸಿದ್ದೆ. ಅಂದಿನಿಂದ ಮದುವೆ ಮನೆಯಲ್ಲಿ "ಇನ್ನೊಮ್ಮೆ" ಎಂಬ ಮಾತನ್ನು ಆಡಿಲ್ಲ.

ಆ ಮಾತನ್ನು ಆಡದೆ ಕೆಲಸ ಮಾಡಬೇಕೆಂದರೆ ಮುಂದೆ ಏನಾಗಲಿದೆ, ಎಲ್ಲಿ ಆಗಲಿದೆ, ಯಾರ ಮನಸ್ಸಿನಲ್ಲಿ ಆಗಲಿದೆ ಎಂಬುದು ಮೊದಲೇ ತಿಳಿದಿರಬೇಕು. ಆದ್ದರಿಂದ ಅರಿಶಿಣದ ಹಿಂದಿನ ದಿನ, ಹಂದರ ಹಾಕುವ ಹೊತ್ತಿಗೆ, ಕ್ಯಾಮೆರಾ ಚೀಲವನ್ನು ಮನೆಯಲ್ಲೇ ಬಿಟ್ಟು ಮದುವೆ ಮನೆಗೆ ಹೋಗಿ ಒಂದು ತಾಸು ಕುಳಿತು ಬರುತ್ತೇನೆ. ಮದುಮಕ್ಕಳಿಗೆ ನೀರೆರೆಯಲು ನಾಲ್ಕು ಕಡೆ ತಂಬಿಗೆಯಿಟ್ಟು ನೂಲು ಸುತ್ತುವ ಸುರಗಿಯನ್ನು ಎಲ್ಲಿ ಮಾಡುತ್ತಾರೆ, ಆ ಜಾಗಕ್ಕೆ ಬೆಳಗಿನ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಾಗಿ ಚಹಾ ಕುಡಿಯುತ್ತ ಮನೆಯವರ ಮಾತು ಕೇಳುತ್ತೇನೆ. ಹುಡುಗಿಯನ್ನು ಎತ್ತಿ ಆಡಿಸಿದವರು ಯಾರು, ಸೋಬಾನ ಪದ ಹಾಡುವ ಅಜ್ಜಿ ಯಾರು, ದೇವರ ಕೋಣೆಯ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಯಾರದು ಎಂಬುದು ಹೀಗೆ ಕುಳಿತಾಗಲೇ ತಿಳಿಯುತ್ತದೆ. ಇದನ್ನು ನಾನು ಕೆಲಸದ ಮುಖ್ಯ ಭಾಗವೆಂದೇ ಎಣಿಸುತ್ತೇನೆ.

ಗುಳೇದಗುಡ್ಡದ ಒಂದು ಮನೆಯಲ್ಲಿ ಹೀಗೆ ಕುಳಿತಾಗ, ಮದುಮಗಳನ್ನು ಸಾಕಿದವರು ವಿಧವೆಯಾದ ಸೋದರತ್ತೆ ಎಂದು ತಿಳಿಯಿತು. ಮದುವೆಯ ದಿನ ಅವರು ಹಸೆಮಣೆಯ ಹತ್ತಿರ ಬರುವುದಿಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ವಿಡಿಯೋದವರು, ಮೊಬೈಲು ಹಿಡಿದವರು ಎಲ್ಲರೂ ಮುಂದೆ ನುಗ್ಗಿದರು. ನನ್ನ ಸಹಾಯಕನನ್ನು ಅಲ್ಲಿ ನಿಲ್ಲಿಸಿ, ನಾನು ಅಡುಗೆ ಮನೆಯ ಬಾಗಿಲಿನ ಎದುರುಗೋಡೆಗೆ ಒರಗಿ ನಿಂತೆ. ಮಂಗಳಾಷ್ಟಕ ಮುಗಿದು ಬಾಜಾ ಮೊಳಗಿದಾಗ ಅವರು ಹೊಸ್ತಿಲ ಒಳಗಿನಿಂದಲೇ ಮುಷ್ಟಿ ಬಿಚ್ಚಿ ಅಕ್ಕಿಕಾಳು ಒಗೆದರು. ಕಾಳುಗಳು ಮೂರು ಹೆಜ್ಜೆ ಆಚೆಗೆ ನೆಲದ ಮೇಲೆ ಬಿದ್ದವು. ಆ ಗದ್ದಲದಲ್ಲಿ ಮದುಮಗಳು ಬಾಸಿಂಗದ ಮರೆಯಿಂದ ಒಮ್ಮೆ ಆ ಬಾಗಿಲಿನತ್ತ ಕಣ್ಣು ಹೊರಳಿಸಿದಳು. ಎರಡೂ ಚಿತ್ರಗಳು ನನಗೆ ಸಿಕ್ಕವು. ಆ ಅತ್ತೆ ಹಸೆಮಣೆಯ ಪಕ್ಕದಲ್ಲೇ ನಿಲ್ಲಬೇಕಾಗಿತ್ತು ಎಂದು ನಾನು ನಂಬುತ್ತೇನೆ, ಮತ್ತು ಆಲ್ಬಮಿನಲ್ಲಿ ಆ ಎರಡು ಚಿತ್ರಗಳನ್ನು ಒಂದೇ ಹಾಳೆಯ ಎಡಬಲಕ್ಕೆ ಇಟ್ಟೆ.

ಉಪಕರಣದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ ಇದೆ. ಮನೆಯೊಳಗೆ 35 ಎಂಎಂ ಲೆನ್ಸು, ಹಂದರದಲ್ಲಿ ದೂರದಿಂದ ತೆಗೆಯಲು 85 ಎಂಎಂ ಲೆನ್ಸು ನನಗೆ ಸಾಕಾಗುತ್ತವೆ. ಹಾರುವ ಅಕ್ಕಿಕಾಳನ್ನು ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ತೆಗೆದರೆ ಗೆರೆಗಳಂತೆ ಕಾಣುತ್ತದೆ, 500ನೆಯ ಒಂದು ಭಾಗದಲ್ಲಿ ತೆಗೆದರೆ ಕಾಳು ಕಾಳಾಗಿ ನಿಲ್ಲುತ್ತದೆ. ಅದಕ್ಕಾಗಿ ಕಲ್ಯಾಣ ಮಂಟಪಗಳಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 3200ಕ್ಕೋ 6400ಕ್ಕೋ ಏರಿಸಬೇಕಾಗುತ್ತದೆ. ಚಿತ್ರದಲ್ಲಿ ಸ್ವಲ್ಪ ಸಣ್ಣ ಚುಕ್ಕೆಗಳು ಬಂದರೂ ಚಿಂತೆಯಿಲ್ಲ. ಸದ್ದಿಲ್ಲದ ಶಟರ್ ದೊಡ್ಡ ವರವೇ ಹೌದು, ಆದರೆ ಅದನ್ನು ಕಿಟಕಿಯ ಬೆಳಕಿನಲ್ಲಿ ಮಾತ್ರ ಬಳಸುತ್ತೇನೆ. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅವುಗಳ ಕೆಳಗೆ ಸದ್ದಿಲ್ಲದ ಶಟರನ್ನು ವೇಗವಾಗಿ ಓಡಿಸಿದರೆ ಮುಖದ ಮೇಲೆ ಪಟ್ಟೆಗಳು ಮೂಡುತ್ತವೆ. ಕೆಂಪು ಶಾಮಿಯಾನಾದ ಬಟ್ಟೆಗೆ ಫ್ಲ್ಯಾಶ್ ಹೊಡೆದರೆ ಆ ಕೆಂಪೆಲ್ಲ ಮುಖದ ಮೇಲೆ ಇಳಿಯುತ್ತದೆ. ಈಗ ಆಯೇರಿ (ಮದುವೆಯ ಉಡುಗೊರೆ) ಕೊಡುವವರ ಸಾಲು ಸ್ಟೇಜ್ ಹತ್ತುವಾಗ ಮಾತ್ರ ಲೈಟ್ ಹಾಕಿಸುತ್ತೇನೆ. ಉಳಿದ ಹೊತ್ತಿನಲ್ಲಿ ಲೈಟ್ ಬಂದ್ ಆಗಿರುತ್ತದೆ, ಯಾಕೆಂದರೆ ಕಣ್ಣಿಗೆ ಬೆಳಕು ಬಿದ್ದ ಕೂಡಲೇ ಜನ ಸೆಟೆದು ನಿಲ್ಲುತ್ತಾರೆ.

ಹಳೆಯ ಆಲ್ಬಮುಗಳಿಂದಲೂ ನಾನು ಬಹಳ ಕಲಿತಿದ್ದೇನೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಅಲ್ಲಿನ ಜನ ನವನಗರಕ್ಕೆ ಬಂದು ನೆಲೆಸಿದ್ದಾರೆ. ಅವರಲ್ಲಿ ಕೆಲವರು ಅಂಟಿಕೊಂಡ, ತೇವ ತಗುಲಿದ ಮದುವೆ ಫೋಟೋಗಳನ್ನು ಸ್ಕ್ಯಾನ್ ಮಾಡಿಸಲು ನನ್ನ ಹತ್ತಿರ ತರುತ್ತಾರೆ. ಒಬ್ಬ ತಾಯಿ ತಮ್ಮ ಮದುವೆಯ ಚಿತ್ರವನ್ನು ಪರದೆಯ ಮೇಲೆ ನೋಡುತ್ತಿದ್ದಾಗ, ಮದುಮಕ್ಕಳನ್ನು ಬಿಟ್ಟು ಹಿಂದಿದ್ದ ಕಂಬದ ಮೇಲೆ, ಕಟ್ಟೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸುತ್ತ, "ಇದು ನಮ್ಮ ಪಡಸಾಲಿ, ಇಲ್ಲೇ ನಮ್ಮ ಮಾವನೋರು ಕೂಡತಿದ್ರು" ಎಂದರು. ಆ ಫೋಟೋಗ್ರಾಫರ್ ಹಿಂದೆ ಪರದೆ ಕಟ್ಟದೆ ಇದ್ದದ್ದು ಆ ಮನೆತನದ ಪುಣ್ಯ. ಅದನ್ನು ನೋಡಿದ ಮೇಲೆ ನಾನು ಮುಖಕ್ಕೆ ತೀರಾ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದೆ. ಸುರಗಿಯ ನಾಲ್ಕು ತಂಬಿಗೆಗಳು, ಅವುಗಳಿಗೆ ಸುತ್ತಿದ ನೂಲು, ಹಿಂದಿನ ಗೋಡೆಯ ಗೂಡಿನಲ್ಲಿಟ್ಟ ಎಣ್ಣೆಯ ಬಾಟಲಿ, ಇಣುಕುವ ಮಕ್ಕಳು ಎಲ್ಲವೂ ಚೌಕಟ್ಟಿನೊಳಗೆ ಇರಲಿ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಕ್ಯಾಮೆರಾ ಇಳಿಸುವ ಹೊತ್ತುಗಳೂ ಇವೆ. ಬೀಗರ ನಡುವೆ ಮಾತಿಗೆ ಮಾತು ಬೆಳೆದಾಗ, ಅತ್ತು ಸುಸ್ತಾದ ಹುಡುಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಾಗ ನಾನು ಹೊರಗೆ ಬರುತ್ತೇನೆ. ಸಹಾಯಕರಿಗೆ ನಾನು ಮೊದಲು ಕಲಿಸುವುದೂ ಇದನ್ನೇ.

ಇಳಕಲ್ಲಿನ ಒಂದು ಮದುವೆಯ ಚಿತ್ರವನ್ನು ಇಲ್ಲಿ ಹೇಳಲೇಬೇಕು. ಮಗಳನ್ನು ಕಳಿಸುವ ಮುನ್ನ ತಾಯಿ ಉಡಿ ತುಂಬುತ್ತಿದ್ದರು. ಇಳಕಲ್ ಸೀರೆಯ ಟೋಪಿ ತೆನೆಯ ಸೆರಗನ್ನು ಮಗಳು ಎರಡೂ ಕೈಯಲ್ಲಿ ಚಾಚಿ ಹಿಡಿದಿದ್ದಳು; ಅದರಲ್ಲಿ ಖಣ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿಣದ ಕೊಂಬು. ತಾಯಿ ಬೊಗಸೆಯಿಂದ ಅಕ್ಕಿ ಹಾಕುವಾಗ ಕೈ ನಡುಗಿ ಒಂದಷ್ಟು ಕಾಳು ಚಾಪೆಯ ಮೇಲೆ ಚೆಲ್ಲಿದವು. ಅವರು ಬಗ್ಗಿ ಆಯತೊಡಗಿದರು, ಒಂದೊಂದೇ ಕಾಳನ್ನು ಎರಡು ಬೆರಳಿನಲ್ಲಿ ಹಿಡಿದು ಎಡಗೈಗೆ ಹಾಕಿಕೊಳ್ಳುತ್ತ. ಸುತ್ತಲಿದ್ದ ಮುತ್ತೈದೆಯರು "ಇರಲಿ ಬಿಡಬೇ" ಎಂದರೂ ತಲೆ ಎತ್ತಲಿಲ್ಲ. ಎತ್ತಿದರೆ ಮಗಳ ಮುಖ ಎದುರಾಗುತ್ತಿತ್ತು. ನಾನು ಮೊಣಕಾಲೂರಿ, ಕಿಟಕಿಯಿಂದ ಬರುತ್ತಿದ್ದ ಬೆಳಕಿನಲ್ಲಿ ಆ ಕೈಗಳನ್ನಷ್ಟೇ ತೆಗೆದೆ: ಅರಿಶಿಣ ಹತ್ತಿದ ಉಗುರು, ಹಸಿರು ಬಳೆ, ಬೆರಳ ತುದಿಯ ಒಂದು ಕಾಳು.

ಆಲ್ಬಮಿನ ಚಿತ್ರಗಳನ್ನು ಆರಿಸಲು ಸ್ಟುಡಿಯೋಕ್ಕೆ ಬಂದಾಗ ಹುಡುಗಿಯ ತಂದೆ ಅದನ್ನು ದಾಟಿಸಿ ಮುಂದೆ ಹೋದರು. "ಇದ್ರಾಗ ಮಾರೀನ ಕಾಣಂಗಿಲ್ಲಲ್ರೀ" ಎಂದರು. ಹಿಂದೆ ಕುರ್ಚಿಯ ಮೇಲೆ ಅಲ್ಲಿಯವರೆಗೂ ಮಾತಾಡದೆ ಕುಳಿತಿದ್ದ ತಾಯಿ, "ತಡೀರಿ, ಹಿಂದಕ ತಗೀರಿ, ಅವು ನನ್ನ ಕೈ" ಎಂದರು. ತಂದೆ ಚಷ್ಮಾ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೇಜಿನ ನಾಲ್ಕು ಗುಂಪು ಫೋಟೋಗಳನ್ನು ತಾವೇ ತೆಗೆಸಿಹಾಕಿ, ಆ ಜಾಗದಲ್ಲಿ ಇದನ್ನು ಪೂರ್ತಿ ಹಾಳೆಗೆ ಹಾಕಲು ಹೇಳಿದರು.