ಮಳೆಗಾಲದಲ್ಲಿ ಪುಟ್ಟ ಮಕ್ಕಳ ನಿದ್ದೆ

ಉಡುಪಿಯ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಮಕ್ಕಳಿಗೆ ಅಂಗಳವೇ ಇಲ್ಲದಂತಾಗುತ್ತದೆ. ಹಗಲಿಡೀ ಮೈದಣಿಯದ ಮಗು ರಾತ್ರಿ ಹತ್ತಾದರೂ ಮಲಗದೆ, ಬೆಳಿಗ್ಗೆ ಅಂಗನವಾಡಿಗೆ ಹೊರಡುವಾಗ ಅಳುತ್ತದೆ. 3–4 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕೆಂದೂ, ಕುಳಿತು ಮೊಬೈಲ್, ಟಿ.ವಿ. ನೋಡುವುದು ದಿನಕ್ಕೆ 1 ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ. ನಾನು ಸಂಜೆ ಮಗಳನ್ನು ಜಗಲಿಯಲ್ಲಿ ಅರ್ಧ ಗಂಟೆ ಮನಸಾರೆ ಕುಣಿಯಲು ಬಿಟ್ಟು, ಬಳಿಕ ಬಸಳೆಯ ಎಲೆ ಬಿಡಿಸುವ ಕೆಲಸವನ್ನು ಅವಳ ಕೈಗೇ ಕೊಟ್ಟು (ಎಲೆ ಹರಿದರೂ ಗದರಬೇಡಿ), ಏಳೂವರೆಯೊಳಗೆ ಕುಚ್ಚಲಕ್ಕಿ ಗಂಜಿ ಉಣ್ಣಿಸಿ ದೀಪ ಸಣ್ಣದು ಮಾಡುತ್ತೇನೆ. ರೂಢಿಯಾಗಲು ಹತ್ತು ದಿನ ಹಿಡಿಯಿತು. ಅಜ್ಜಿಯ ಕತೆಯನ್ನು ಮಾತ್ರ ಒಂದಕ್ಕೇ ನಿಲ್ಲಿಸಿ. ಎರಡನೆಯದು ಆರಂಭವಾದರೆ ಕಣ್ಣಿಗೆ ಹತ್ತಿದ ನಿದ್ದೆಯೂ ಹಾರಿಹೋಗುತ್ತದೆ.