ತಲೆನೋವು ಬರುವ ಮೊದಲೇ ಫಂಗಸ್ ಹಿಡಿಯುವುದು: ಒಂದು ಎಆರ್‌ಟಿ ಲ್ಯಾಬ್‌ನ ಪಾಠ

ನಾನು ಉತ್ತರ ಕರ್ನಾಟಕದ ಒಂದು ಎಆರ್‌ಟಿ (ಎಚ್‌ಐವಿ ತಡೆಯುವ ಮಾತ್ರೆ) ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹದಿನಾಲ್ಕು ವರ್ಷ ಆಯ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಟೆಕ್ನಿಷಿಯನ್, ಸ್ಟಾಫ್ ನರ್ಸ್, ಕೌನ್ಸೆಲರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಚ್‌ಐವಿ ಇರುವವರು, ಅವರ ಮನೆಯವರು ಓದಿದರೂ ಒಳ್ಳೆಯದೇ. ಮಾತ್ರೆಯ ಲೆಕ್ಕ ಮಾತ್ರ ನಿಮ್ಮ ಡಾಕ್ಟರು ಬರೆದಂತೆಯೇ ಇರಲಿ.

ಮೊದಲು ಒಬ್ಬ ಹುಡುಗನ ವಿಷಯ ಹೇಳಬೇಕು. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಎರಡು ವರ್ಷ ಮಾತ್ರೆ ಬಿಟ್ಟು ವಾಪಸ್ ಬಂದಿದ್ದ. ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, ಬರೀ 38. ರಕ್ತ ಕೊಡುವಾಗ ಹಣೆ ಒತ್ತಿಕೊಳ್ಳುತ್ತಾ, ‘ತಲಿ ಭಾಳ ನೋಯ್ತೈತ್ರಿ ಅಕ್ಕಾರ’ ಅಂದ. ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದಾನೆ, ಬಿಸಿಲು ಬೇರೆ ಅಂದುಕೊಂಡೆ. ‘ಏನಾರ ತಿನ್ನಪಾ ಮೊದಲ’ ಅಂತ ಹೇಳಿ ಕಳಿಸಿದೆ. ಎಆರ್‌ಟಿ ಮತ್ತೆ ಶುರುವಾಯ್ತು. ಹನ್ನೆರಡನೇ ದಿನ ಅವನ ತಾಯಿ ಆಟೋದಲ್ಲಿ ಮಲಗಿಸಿಕೊಂಡು ಬಂದರು. ಬೆನ್ನಿನ ನೀರನ್ನು, ಅಂದರೆ ಮಿದುಳು, ನರದ ಹುರಿಯ ಸುತ್ತ ಇರುವ ದ್ರವವನ್ನು, ಇಂಡಿಯಾ ಇಂಕ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದವಳು ನಾನೇ. ಕಪ್ಪು ಶಾಯಿಯ ನಡುವೆ ಸಣ್ಣ ಸಣ್ಣ ದುಂಡು ಕಣಗಳು. ಪ್ರತಿಯೊಂದರ ಸುತ್ತ ಬೆಳಕಿನ ಬಳೆ. ಕ್ರಿಪ್ಟೋಕಾಕಸ್ ಎಂಬ ಫಂಗಸ್. ನಾಲ್ಕನೇ ದಿನ ಅವನು ಹೋದ. ಅವನು ಹೇಳಿದ ತಲೆನೋವಿನ ಮಾತನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ.

ಆಗ ನಮ್ಮಲ್ಲಿ ಕ್ರ್ಯಾಗ್ ಕಿಟ್ ಇರಲಿಲ್ಲ. ಈಗ ಇದೆ. ಹಾಗಾಗಿ ಈಗ ತಪ್ಪಿಸಿಕೊಳ್ಳಲು ನೆಪ ಇಲ್ಲ.

ಕ್ರ್ಯಾಗ್ ಅಂದರೆ ಕ್ರಿಪ್ಟೋಕಾಕಲ್ ಆ್ಯಂಟಿಜೆನ್, ಅಂದರೆ ಈ ಫಂಗಸ್ಸಿನ ಹೊರಗವಸಿನ ಚೂರು. ಫಂಗಸ್ ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ. ಉಸಿರಿನ ಜೊತೆ ಒಳಗೆ ಹೋಗುತ್ತದೆ. ನಮ್ಮೆಲ್ಲರ ಒಳಗೂ ಹೋಗುತ್ತಿರಬಹುದು, ದೇಹ ತಡೆದುಕೊಳ್ಳುತ್ತದೆ. ಸಿಡಿ4 ತಳ ಮುಟ್ಟಿದಾಗ ಅದು ರಕ್ತಕ್ಕೆ ಇಳಿದು, ಮಿದುಳಿನ ಪೊರೆ ತಲುಪುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ತಟ್ಟೆ ಲೋಟ ಬೇರೆ ಮಾಡಿಬಿಡುತ್ತಾರೆ. ನಮಗೆ ಮುಖ್ಯವಾದ ವಿಷಯ ಏನೆಂದರೆ, ತಲೆನೋವು ಶುರುವಾಗುವ ಸುಮಾರು 3 ವಾರ ಮೊದಲೇ ಆ್ಯಂಟಿಜೆನ್ ರಕ್ತದಲ್ಲಿ ಸಿಗುತ್ತದೆ. ನಮಗೆ ಸಿಗುವ ಕಾಲಾವಕಾಶ ಅಷ್ಟೇ.

ಯಾರಿಗೆ ಮಾಡಬೇಕು? ಸಿಡಿ4 200ಕ್ಕಿಂತ ಕಡಿಮೆ, ಅಥವಾ ಡಬ್ಲ್ಯೂಎಚ್‌ಒ ಹಂತ 3, 4ರ ಕಾಯಿಲೆ ಇದ್ದರೆ ಅದನ್ನು ಮುಂದುವರಿದ ಎಚ್‌ಐವಿ ಅನ್ನುತ್ತಾರೆ. ಸಿಡಿ4 100ಕ್ಕಿಂತ ಕಡಿಮೆ ಇರುವ ದೊಡ್ಡವರಿಗೆ, ಹದಿಹರೆಯದವರಿಗೆ ಕ್ರ್ಯಾಗ್ ಮಾಡಲೇಬೇಕು. 100ರಿಂದ 200ರ ನಡುವೆ ಇದ್ದವರಿಗೂ ಮಾಡಬಹುದು ಅಂತ ಡಬ್ಲ್ಯೂಎಚ್‌ಒ ಹೇಳುತ್ತದೆ. ಕಿಟ್ ಇದ್ದರೆ ನಾನು ಬಿಡುವುದಿಲ್ಲ. ಹೊಸಬರನ್ನಷ್ಟೇ ನೋಡಬೇಡಿ. ಮಾತ್ರೆ ಬಿಟ್ಟು ವಾಪಸ್ ಬಂದವರು, ಮಾತ್ರೆ ತಗೊಂಡರೂ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಲೆಕ್ಕ) ಇಳಿಯದವರು ಸುಲಭವಾಗಿ ಕಣ್ತಪ್ಪುತ್ತಾರೆ. ಹಿಂದೆ ಈ ಕಾಯಿಲೆಗೆ ಔಷಧಿ ಪಡೆದವರಿಗೆ ಮಾತ್ರ ಸ್ಕ್ರೀನಿಂಗ್ ಬೇಡ. ಆ್ಯಂಟಿಜೆನ್ ತಿಂಗಳುಗಟ್ಟಲೆ ರಕ್ತದಲ್ಲೇ ಉಳಿಯುತ್ತದೆ, ಸುಮ್ನೆ ಗಾಬರಿ ಆಗುತ್ತದೆ.

ಕೆಲಸ ಕಷ್ಟದ್ದಲ್ಲ. ಸಿಡಿ4ಗೆ ತೆಗೆದ ಇಡಿಟಿಎ ಟ್ಯೂಬ್‌ನಲ್ಲಿ ರಕ್ತ ಉಳಿದಿರುತ್ತದೆ, ಅಲ್ವಾ? ರಿಪೋರ್ಟ್ ಕಡಿಮೆ ಬಂದ ಕೂಡಲೇ ಅದೇ ಟ್ಯೂಬ್ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ತೆಗೆಯಿರಿ. ಇನ್ನೊಮ್ಮೆ ಚುಚ್ಚಬೇಕಿಲ್ಲ, ಇನ್ನೊಂದು ದಿನ ಕರೆಯಬೇಕಿಲ್ಲ. ನಮ್ಮ ಕಿಟ್‌ನಲ್ಲಿ ಸಣ್ಣ ಟ್ಯೂಬಿಗೆ ಒಂದು ಹನಿ ಡೈಲ್ಯುಯೆಂಟ್, ಅದಕ್ಕೆ 40 ಮೈಕ್ರೋಲೀಟರ್ ಪ್ಲಾಸ್ಮಾ. ಮೆಲ್ಲಗೆ ಕಲಸಿ. ಸ್ಟ್ರಿಪ್‌ನ ಬಿಳಿ ತುದಿ ಕೆಳಗಿರುವಂತೆ ಇಳಿಸಿ. 10 ನಿಮಿಷಕ್ಕೆ ಮೊಬೈಲ್‌ನಲ್ಲಿ ಅಲಾರಾಂ ಇಡಿ. ಅಂದಾಜಿನ ಮೇಲೆ ನಡೆಸಬೇಡಿ. ಬೇರೆ ಕಂಪನಿಯ ಕಿಟ್ ಬಂದರೆ ಒಳಗಿನ ಕಾಗದವನ್ನು ಮೊದಲಿನಿಂದ ಓದಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಬಿಗಿಮಾಡಿ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಪಕ್ಕ ಇಟ್ಟ ಕಿಟ್ಟನ್ನು ನಂಬುವಂತಿಲ್ಲ.

ಒಂದೇ ಗೆರೆ, ಅದೂ ಕಂಟ್ರೋಲ್ ಜಾಗದಲ್ಲಿ ಬಂದರೆ ನೆಗೆಟಿವ್. ಎರಡು ಬಂದರೆ ಪಾಸಿಟಿವ್. ಕಂಟ್ರೋಲ್ ಗೆರೆಯೇ ಇಲ್ಲದಿದ್ದರೆ ಟೆಸ್ಟ್ ಕೆಟ್ಟಿದೆ, ಮತ್ತೆ ಮಾಡಿ. ಎಡವುವುದು ತೆಳು ಗೆರೆ ಬಂದಾಗ. ಒಮ್ಮೆ ಒಬ್ಬ ಹೆಣ್ಣುಮಗಳ ಸ್ಟ್ರಿಪ್‌ನಲ್ಲಿ ಎರಡನೇ ಗೆರೆ ಎಷ್ಟು ತೆಳು ಇತ್ತೆಂದರೆ, ಟ್ಯೂಬ್‌ಲೈಟ್ ಕೆಳಗೆ ಕಾಣಲಿಲ್ಲ. ಬಾಗಿಲ ಬೆಳಕಿಗೆ ಹಿಡಿದಾಗ ಕಂಡಿತು. ಪಕ್ಕದವರು ‘ಬಿಡ್ರಿ, ನೆಗೆಟಿವ್’ ಅಂದರು. ನಾನು ಪಾಸಿಟಿವ್ ಅಂತಲೇ ಬರೆದೆ. ಗೆರೆ ತೆಳುವಿರಲಿ, ದಪ್ಪವಿರಲಿ, ಗೆರೆ ಗೆರೆಯೇ. ಇದಕ್ಕೆ ತಿರುಗಿ ಒಂದು ಮಾತೂ ಇದೆ. ತಲೆನೋವು, ವಾಂತಿ ಜೋರಾಗಿದ್ದೂ ನೆಗೆಟಿವ್ ಬಂದರೆ, ಸ್ಯಾಂಪಲ್ ತೆಳುಮಾಡಿ ಮತ್ತೊಮ್ಮೆ ನೋಡಿ. ಆ್ಯಂಟಿಜೆನ್ ಬಹಳ ಜಾಸ್ತಿ ಇದ್ದಾಗಲೂ ಗೆರೆ ಮೂಡದಿರಬಹುದು.

ಪಾಸಿಟಿವ್ ಬಂದರೆ ಆ ಮನುಷ್ಯ ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ಡಾಕ್ಟರ ಮುಂದೆ ಕೂತಿರಬೇಕು. ಸಾಲಿನಲ್ಲಿ ಹೆಸರು ಕೂಗಿ ಹೇಳಬೇಡಿ, ನೀವೇ ಎದ್ದು ಹೋಗಿ ಕರೆಯಿರಿ. ತಲೆನೋವು, ಜ್ವರ, ವಾಂತಿ, ಕಣ್ಣು ಮಂಜು, ಒಂದರ ಬದಲು ಎರಡು ಕಾಣುವುದು, ಮಾತಿನಲ್ಲಿ ಗೊಂದಲ, ಇವನ್ನು ಒಂದೊಂದಾಗಿ ಕೇಳಿ. ಏನೂ ಇಲ್ಲ ಅಂದರೂ ಬೆನ್ನಿನ ನೀರು ತೆಗೆದು ನೋಡುವುದು ಒಳ್ಳೆಯದು. ಲಕ್ಷಣ ಇದ್ದರಂತೂ ಬೇಕೇ ಬೇಕು.

ಜನ ಹೆದರುವುದು ಇಲ್ಲೇ. ‘ಬೆನ್ನಾಗ ಸೂಜಿ ಹಾಕಿದ್ರ ಸೊಂಟ ಬೀಳ್ತೈತಿ’ ಅಂತ ಎದ್ದೇ ಹೋಗುತ್ತಾರೆ. ನಾನು ನನ್ನ ಬೆನ್ನಿನ ಮೇಲೆ ಕೈಯಿಟ್ಟು ತೋರಿಸುತ್ತೇನೆ. ನರದ ಹುರಿ ಇಲ್ಲಿಗೆ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ತೆಗೆಯುವುದು ಸ್ವಲ್ಪವೇ ನೀರು, ದೇಹ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ತಲೆಯೊಳಗೆ ಒತ್ತಡ ಏರಿದ್ದರೆ, ನೀರು ತೆಗೆದಾಗಲೇ ನೋವು ಇಳಿಯುವುದೂ ಉಂಟು. ಹೇಳಲು ಹತ್ತು ನಿಮಿಷ ಬೇಕು. ಕೊಡಿ. ಗಂಡನೋ ತಾಯಿಯೋ ಜೊತೆಗಿದ್ದರೆ, ರೋಗಿ ಒಪ್ಪಿದ ಮೇಲೆ ಅವರನ್ನೂ ಕೂರಿಸಿ ಹೇಳಿ.

ನೀರಿನಲ್ಲಿ ಫಂಗಸ್ ಇದ್ದರೆ ಅಡ್ಮಿಟ್ ಮಾಡಬೇಕು. 2022ರಿಂದ ಡಬ್ಲ್ಯೂಎಚ್‌ಒ ಮೊದಲು ಹೇಳುವ ಔಷಧಿ ಲೈಪೊಸೋಮಲ್ ಆ್ಯಂಫೊಟೆರಿಸಿನ್ ಬಿ, ಒಂದೇ ದೊಡ್ಡ ಡೋಸ್. ಜೊತೆಗೆ ಎರಡು ವಾರ ಫ್ಲೂಸೈಟೋಸಿನ್, ಫ್ಲುಕೊನಜೋಲ್. ನೀರು ಶುದ್ಧ ಇದ್ದರೆ ಮಾತ್ರೆ ಸಾಕು. ಫ್ಲುಕೊನಜೋಲ್ ದಿನಕ್ಕೆ 800ರಿಂದ 1200 ಮಿ.ಗ್ರಾಂ ಎರಡು ವಾರ, ಆಮೇಲೆ 400ರಿಂದ 800 ಎಂಟು ವಾರ, ಆಮೇಲೆ 200 ಮುಂದುವರಿಸುವುದು. ಮೆಡಿಕಲ್ ಶಾಪ್‌ನಲ್ಲಿ ಸುಲಭವಾಗಿ ಸಿಗುವುದು 150ರ ಒಂಟಿ ಮಾತ್ರೆ. ಅದನ್ನೇ ಒಂದು ನುಂಗಿ ಸುಮ್ಮನಾದವರನ್ನು ನೋಡಿದ್ದೇನೆ. 200ರ ಮಾತ್ರೆಯಾದರೆ 800ಕ್ಕೆ ನಾಲ್ಕು. ಎಣಿಸಿ ಕೈಗೆ ಕೊಡಿ. ಹೆಂಗಸರ ಹತ್ತಿರ ಮುಟ್ಟಿನ ತಾರೀಖು ಕೇಳಿ, ಬಸುರಿ ಆಗಿದ್ದರೆ ಡಾಕ್ಟರಿಗೆ ಗೊತ್ತಿರಬೇಕು. ಟಿಬಿಯ ರಿಫಾಂಪಿಸಿನ್ ನಡೆಯುತ್ತಿದ್ದರೂ ಹೇಳಿ, ಅದು ರಕ್ತದಲ್ಲಿ ಫ್ಲುಕೊನಜೋಲ್ ಮಟ್ಟವನ್ನು ಇಳಿಸುತ್ತದೆ.

ಈಗ ನಮ್ಮ ಹುಡುಗನ ವಿಷಯದಲ್ಲಿ ಆದ ತಪ್ಪು. ಮಿದುಳಿನ ಪೊರೆಗೆ ಫಂಗಸ್ ತಗುಲಿದ್ದಾಗ ಎಆರ್‌ಟಿಯನ್ನು ಅವಸರದಲ್ಲಿ ಶುರುಮಾಡಬಾರದು. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಬೇಗ ಶುರುಮಾಡಿದವರಲ್ಲಿ ಆರು ತಿಂಗಳಲ್ಲಿ 45% ಜನ ತೀರಿಕೊಂಡರು. ಸುಮಾರು ಐದು ವಾರ ಕಾಯಿಸಿದವರಲ್ಲಿ 30%. ಹಾಗಾಗಿ ಈಗ ಫಂಗಸ್ ಔಷಧಿ ಶುರುವಾಗಿ 4ರಿಂದ 6 ವಾರ ಕಾಯುತ್ತಾರೆ. ‘ಎಚ್‌ಐವಿ ಮಾತ್ರಿ ಯಾಕ ಕೊಡವಲ್ರಿ?’ ಅಂತ ಕೇಳುತ್ತಾರೆ. ಕಾರಣವನ್ನು ಹೇಳಿಯೇ ಕಳಿಸಿ. ಇಲ್ಲದಿದ್ದರೆ ಇವರು ನನ್ನನ್ನು ಕೈಬಿಟ್ಟರು ಅಂದುಕೊಳ್ಳುತ್ತಾರೆ.

ಬೇರೆ ಫಂಗಸ್ಸುಗಳ ಬಗ್ಗೆ ಚಿಕ್ಕದಾಗಿ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ. ಮೊಸರು ಅಂಟಿದಂಥ ಬಿಳಿ ಪದರ ಕ್ಯಾಂಡಿಡಾ. ಅನ್ನ ನುಂಗುವಾಗ ಎದೆಯಲ್ಲಿ ನೋವು ಅಂದರೆ ಅನ್ನನಾಳಕ್ಕೂ ಇಳಿದಿದೆ. ಒಣ ಕೆಮ್ಮು, ದಮ್ಮು ಇದ್ದರೆ ಬೆರಳಿಗೆ ಆಕ್ಸಿಮೀಟರ್ ಹಾಕಿ ವರಾಂಡದಲ್ಲಿ ನಡೆಸಿ. ನಡೆದಾಗ ಆಕ್ಸಿಜನ್ ಇಳಿದರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾದ ಅನುಮಾನ. ಕೋಟ್ರೈಮಾಕ್ಸಜೋಲ್ ಮಾತ್ರೆ ತಪ್ಪಿಸಬೇಡಿ ಅನ್ನುವುದು ಅದಕ್ಕೇ. ಮಣಿಪುರದ ಕಡೆ ಸೈನ್ಯದಲ್ಲೋ ಲಾರಿಯಲ್ಲೋ ಇದ್ದು ಬಂದವರ ಮುಖದ ಮೇಲೆ ನಡುವೆ ಕುಳಿಬಿದ್ದ ಗುಳ್ಳೆಗಳಿದ್ದರೆ ಆ ಕಡೆ ಕಾಣುವ ಟ್ಯಾಲರೋಮೈಕೋಸಿಸ್ ಎಂಬ ಫಂಗಸ್ ಕಾಯಿಲೆ ನೆನಪಿಸಿಕೊಳ್ಳಿ. ಎಲ್ಲಿ ಕೆಲಸ ಮಾಡಿದ್ದೀರಿ ಅಂತ ಕೇಳುವುದಕ್ಕೆ ದುಡ್ಡು ಬೇಡ.

ಟೆಸ್ಟ್ ನೆಗೆಟಿವ್ ಬಂದವರನ್ನೂ ಮೊದಲ ತಿಂಗಳು ಬಿಡಬೇಡಿ. ತಾಂಜಾನಿಯಾ, ಜಾಂಬಿಯಾದಲ್ಲಿ ಸಿಡಿ4 200ಕ್ಕಿಂತ ಕಡಿಮೆ ಇದ್ದ ಸುಮಾರು 2,000 ಜನರ ಅಧ್ಯಯನ 2015ರಲ್ಲಿ ಬಂತು. ಕ್ರ್ಯಾಗ್ ಸ್ಕ್ರೀನಿಂಗ್ ಜೊತೆ ಮೊದಲ ಕೆಲವು ವಾರ ಮನೆಗೇ ಹೋಗಿ ಮಾತಾಡಿಸಿದ್ದರಿಂದ ಸಾವು 28% ಇಳಿಯಿತು. ನಮಗೆ ಎಲ್ಲರ ಮನೆಗೆ ಹೋಗಲು ಆಗುವುದಿಲ್ಲ, ಆದರೆ ಫೋನ್ ಇದೆ. ಅವರು ಕೊಟ್ಟ ನಂಬರಿಗೆ, ಅವರೇ ಎತ್ತಿಕೊಂಡಾಗ ಮಾತ್ರ ಮಾತಾಡಿ. ‘ತಲಿ ಹೆಂಗೈತ್ರಿ?’ ಅಂತ ಮೊದಲು ಕೇಳಿ.

ಪ್ರತಿ ಶನಿವಾರ ಮಧ್ಯಾಹ್ನ ಸಿಡಿ4 ರಿಜಿಸ್ಟರ್ ತೆಗೆಯುತ್ತೇನೆ. 200ಕ್ಕಿಂತ ಕೆಳಗಿನ ಅಂಕಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ. ಪಕ್ಕದಲ್ಲಿ ಕ್ರ್ಯಾಗ್‌ಗೆ ಅಂತ ನಾನೇ ಸ್ಕೇಲ್ ಇಟ್ಟು ಎಳೆದ ಒಂದು ಕಾಲಂ. ಅದು ಖಾಲಿ ಇದ್ದವರ ಪಟ್ಟಿಯನ್ನು ಅಂದೇ ಕೌನ್ಸೆಲರ್ ಕೈಗೆ ಕೊಟ್ಟು ಮನೆಗೆ ಹೋಗುತ್ತೇನೆ.