ಎನ್‌ಬಿಎ ಸೀಸನ್ನಿಗೆ ನನ್ನದೇ ಒಂದು ಲೆಕ್ಕದ ಪಟ್ಟಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2023-24ರ ಸೀಸನ್ ಪೂರ್ತಿ ನಾನು ನನ್ನದೇ ಒಂದು ಲೆಕ್ಕ ಇಟ್ಟೆ. ಗೆಲುವು-ಸೋಲಿನ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಆದರೆ ಅದರಲ್ಲಿ 1 ಅಂಕದ ಗೆಲುವಿಗೂ 30 ಅಂಕದ ಗೆಲುವಿಗೂ ಬೆಲೆ ಒಂದೇ. 30 ತಂಡ ತಲಾ 82 ಪಂದ್ಯ ಆಡುವ ಲೀಗ್‌ನಲ್ಲಿ ಯಾರ ಆಟ ನಿಜಕ್ಕೂ ಗಟ್ಟಿ ಅಂತ ತಿಳಿಯಲು ಅದು ಸಾಲದು.

ಮೊದಲು ಪೊಸೆಷನ್ ಲೆಕ್ಕ. ಚೆಂಡು ಒಂದು ತಂಡದ ಕೈಗೆ ಬಂದು ಎದುರಾಳಿಗೆ ಹೋಗುವವರೆಗೆ ಒಂದು ಪೊಸೆಷನ್. ಬುಟ್ಟಿಗೆ ಎಸೆದ ಶಾಟ್‌ಗಳಿಗೆ ಟರ್ನೋವರ್ (ಶಾಟ್ ಎಸೆಯದೆಯೇ ಚೆಂಡು ಕಳೆದುಕೊಂಡದ್ದು) ಕೂಡಿಸಬೇಕು, ಅಫೆನ್ಸಿವ್ ರಿಬೌಂಡ್ (ತಪ್ಪಿದ ತನ್ನದೇ ಶಾಟ್‌ನ ಚೆಂಡನ್ನು ಮತ್ತೆ ಹಿಡಿದದ್ದು) ಕಳೆಯಬೇಕು, ಫ್ರೀ ಥ್ರೋಗಳನ್ನು (ಎದುರಾಳಿಯ ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತಗಳು) 0.44ರಿಂದ ಗುಣಿಸಿ ಸೇರಿಸಬೇಕು. ಫ್ರೀ ಥ್ರೋ ಎರಡೆರಡು ಸಿಗುತ್ತವಲ್ವಾ, 0.5 ಯಾಕಲ್ಲ? ಬುಟ್ಟಿಗೆ ಬಿದ್ದ ಶಾಟ್‌ನ ಜೊತೆ ಸಿಗುವ ಒಂಟಿ ಎಸೆತ, ಟೆಕ್ನಿಕಲ್ ಫೌಲ್‌ನ (ಅಶಿಸ್ತಿನಂಥ ತಪ್ಪಿನ) ಎಸೆತ, ಇವಕ್ಕೆ ಬೇರೆ ಪೊಸೆಷನ್ ಖರ್ಚಾಗುವುದಿಲ್ಲ. ಅದಕ್ಕೇ ಸ್ವಲ್ಪ ಕಡಿಮೆ. ಆಮೇಲೆ 100 ಪೊಸೆಷನ್‌ಗೆ ಹೊಡೆದ ಅಂಕ, ಬಿಟ್ಟುಕೊಟ್ಟ ಅಂಕ ಬರೆದು ವ್ಯತ್ಯಾಸ ನೋಡುತ್ತಿದ್ದೆ.

ಇದರ ಉಪಯೋಗ ಇಂಡಿಯಾನಾ ತಂಡದಲ್ಲಿ ಚೆನ್ನಾಗಿ ಕಂಡಿತು. ಪಂದ್ಯಕ್ಕೆ ಸರಾಸರಿ 123 ಅಂಕ, ಆ ವರ್ಷ ಲೀಗ್‌ನಲ್ಲೇ ಜಾಸ್ತಿ. ಆದರೆ ಅವರದು ಓಟದ ಆಟ, ಎದುರಾಳಿಗೂ ಅಷ್ಟೇ ಪೊಸೆಷನ್ ಸಿಗುತ್ತದೆ. ಬಿಟ್ಟುಕೊಟ್ಟದ್ದು 120. ಬಾಸ್ಟನ್ ಹೊಡೆದದ್ದು 120ರ ಚಿಲ್ಲರೆ, ಬಿಟ್ಟದ್ದು 109 ಮಾತ್ರ. ಈ 11 ಅಂಕದ ಅಂತರ ನೋಡಿದ ಮೇಲೆ ಅವರ 64 ಗೆಲುವು ನನಗೇನೂ ಆಶ್ಚರ್ಯ ತರಲಿಲ್ಲ.

ಲೆಕ್ಕ ಕೆಡಿಸುವ ಪಂದ್ಯಗಳೂ ಇವೆ. ಆ ವರ್ಷ ಸೀಸನ್ನಿನ ನಡುವೆಯೇ ಇನ್-ಸೀಸನ್ ಟೂರ್ನಮೆಂಟ್ ಎಂಬ ಕಪ್ ಸ್ಪರ್ಧೆ ಶುರುವಾಯಿತು. ಅದರ ಗುಂಪು ಹಂತದಲ್ಲಿ ಸಮಬಲವಾದರೆ ಅಂಕಗಳ ಅಂತರ ನೋಡುತ್ತಾರೆ. ಹಾಗಾಗಿ ಗೆದ್ದಾಗಿದ್ದರೂ ತಂಡಗಳು ಸುಮ್ನೆ ಇರಲಿಲ್ಲ. ಶಿಕಾಗೋ ವಿರುದ್ಧ ದೊಡ್ಡ ಮುನ್ನಡೆಯಲ್ಲಿದ್ದ ಬಾಸ್ಟನ್, ಫ್ರೀ ಥ್ರೋ ಸರಿಯಾಗಿ ಬಾರದ ಆಂಡ್ರೆ ಡ್ರಮಂಡ್‌ಗೆ ಬೇಕೆಂದೇ ಫೌಲ್ ಮಾಡಿತು! ನಿಯಮ ಹಾಗಿದ್ದರೆ ಹಾಗೇ ಆಡುತ್ತಾರೆ, ಅದರಲ್ಲಿ ತಪ್ಪು ನನಗೆ ಕಾಣಲಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಆ ಪಂದ್ಯಗಳಿಗೆ ಬೇರೆ ಬಣ್ಣ ಹಾಕಿದೆ.

ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ಫೆಬ್ರವರಿಯ ಗೆರೆ. ಟ್ರೇಡ್‌ಗಳ (ತಂಡಗಳ ನಡುವೆ ಆಟಗಾರರ ವಿನಿಮಯದ) ಗಡುವು ಮುಗಿದ ದಿನದಿಂದ ಪ್ರತಿ ತಂಡಕ್ಕೂ ಹೊಸ ಲೆಕ್ಕ ತೆರೆದೆ. ಆಟಗಾರರೇ ಬದಲಾದ ಮೇಲೆ ನವೆಂಬರ್‌ನ ಸರಾಸರಿ ಹಿಡಿದು ಏನು ಮಾಡುವುದು? ಡಲ್ಲಾಸ್ ಆಗ ಡೇನಿಯಲ್ ಗ್ಯಾಫರ್ಡ್, ಪಿ. ಜೆ. ವಾಷಿಂಗ್ಟನ್ ಇಬ್ಬರನ್ನೂ ತಂದುಕೊಂಡಿತ್ತು. ಇಡೀ ಸೀಸನ್ನಿನ ಲೆಕ್ಕದಲ್ಲಿ ಅದು ಸಾಧಾರಣ ತಂಡ, ಲೀಗ್‌ನ ಪಶ್ಚಿಮ ವಿಭಾಗದಲ್ಲಿ 5ನೇ ಸ್ಥಾನ. ಗೆರೆಯ ಕೆಳಗೆ, ಮಾರ್ಚ್ ಹೊತ್ತಿಗೆ, ಡಿಫೆನ್ಸ್ ಬಿಗಿಯಾಗಿದ್ದು ಎದ್ದು ಕಾಣುತ್ತಿತ್ತು.

ಅದೇ ಡಲ್ಲಾಸ್ ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಒಕ್ಲಹೋಮ ಸಿಟಿ ಎದುರು 49 ಅಂಕಗಳಿಂದ ಸೋತಿತು. ಸ್ಥಾನ ಖಚಿತವಾಗಿತ್ತು, ಅವರ ಮುಖ್ಯ ಆಟಗಾರ ಡಾನ್ಚಿಚ್ ಆಡಲೇ ಇಲ್ಲ. ಆ ಸಾಲನ್ನು ಲೆಕ್ಕದಿಂದ ತೆಗೆದೆ. ಪ್ಲೇಆಫ್‌ನ (ಲೀಗ್ ಹಂತದ ನಂತರದ ನಾಕೌಟ್‌ನ) ಎರಡನೇ ಸುತ್ತಿನಲ್ಲಿ ಇದೇ ಎರಡು ತಂಡ ಎದುರಾದಾಗ ಡಲ್ಲಾಸ್ 4-2ರಿಂದ ಗೆದ್ದಿತು.